ಒಬ್ಬ ಮಗ, ಒಂದು ಊರು, ಹಲವು ಅಡ್ಡಹೆಸರುಗಳು: ಲೂಯಿ ಆರ್ಮ್‌ಸ್ಟ್ರಾಂಗ್ ಮತ್ತು ನ್ಯೂ ಆರ್ಲಿಯನ್ಸ್

ಜ್ಞಾನಸ್ನಾನದ ದಾಖಲೆ ಪುಸ್ತಕ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮದುವೆಯ ಮಾತುಕತೆ ಆರಂಭವಾದಾಗ ಮಾತ್ರ. ಇಗರ್ಜಿಯ ಕಚೇರಿಗೆ ಹೋಗಿ, ಹೆಸರು ಮತ್ತು ವರ್ಷ ತಿಳಿಸಿ, ಪ್ರಮಾಣಪತ್ರ ಪಡೆದು ಬಂದರೆ ಕೆಲಸ ಮುಗಿಯಿತು. ಆದರೆ ಅಂತಹುದೇ ಒಂದು ಪುಸ್ತಕದ ಒಂದೇ ಒಂದು ನಮೂದು ಇಪ್ಪತ್ತನೇ ಶತಮಾನದ ಅತ್ಯಂತ ಪ್ರಸಿದ್ಧ ಸಂಗೀತಗಾರರೊಬ್ಬರ ಜನ್ಮದಿನವನ್ನೇ ತಿದ್ದಿತು ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಆ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಹುಟ್ಟಿ, ಜಾಝ್ ಸಂಗೀತವನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿದವರು. ತಾನು ಹುಟ್ಟಿದ್ದು 1900ರ ಜುಲೈ 4ರಂದು ಎಂದು ಅವರು ಜೀವನವಿಡೀ ಹೇಳುತ್ತಿದ್ದರು. ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ. ವಿಶ್ವಕೋಶಗಳೂ ಪತ್ರಿಕೆಗಳೂ ಅದನ್ನೇ ಬರೆದವು. 1971ರಲ್ಲಿ ಅವರು ತೀರಿಕೊಂಡ ಬಳಿಕವೂ ಅದೇ ದಿನಾಂಕ ಉಳಿಯಿತು. 1980ರ ದಶಕದಲ್ಲಿ ಟ್ಯಾಡ್ ಜೋನ್ಸ್ ಎಂಬ ಸಂಶೋಧಕರು ನ್ಯೂ ಆರ್ಲಿಯನ್ಸ್‌ನ ಯೇಸುವಿನ ಪವಿತ್ರ ಹೃದಯದ ಇಗರ್ಜಿಯ ಹಳೆಯ ಪುಸ್ತಕದಲ್ಲಿ ಆ ನಮೂದನ್ನು ಪತ್ತೆ ಮಾಡಿದರು. ಅದರ ಪ್ರಕಾರ ಮಗು ಹುಟ್ಟಿದ್ದು 1901ರ ಆಗಸ್ಟ್ 4ರಂದು; ಜ್ಞಾನಸ್ನಾನವಾದದ್ದು ಅದೇ ತಿಂಗಳ 25ರಂದು. ಆಗ ಮಗುವಿಗೆ ಮೂರೇ ವಾರ.

ಆ ನಮೂದಿನಲ್ಲಿ ಹೆಸರಿನ ಜೊತೆಗೆ ಲ್ಯಾಟಿನ್ ಭಾಷೆಯ ಎರಡು ಪದಗಳೂ ಇದ್ದವು. ಒಂದರ ಅರ್ಥ 'ಕಪ್ಪು ವರ್ಣದವ'. ಇನ್ನೊಂದರ ಅರ್ಥ 'ವಿವಾಹದ ಹೊರಗೆ ಹುಟ್ಟಿದವ'. ಲೋಕ ಆ ಮಗುವಿಗೆ ಮೊದಲು ಅಂಟಿಸಿದ ಗುರುತು ಇವೆರಡು. ಮುಂದೆ ಅದೇ ಮಗುವನ್ನು ಜನರು ಪ್ರೀತಿಯಿಂದ ಬೇರೆ ಬೇರೆ ಅಡ್ಡಹೆಸರುಗಳಿಂದ ಕರೆದರು. ಅವರು ಹುಟ್ಟಿದ ಊರಿಗೂ ಅಡ್ಡಹೆಸರುಗಳಿಗೆ ಬರವಿರಲಿಲ್ಲ. ಈ ಹೆಸರುಗಳು ಎಲ್ಲಿಂದ ಬಂದವು, ಅವು ಏನನ್ನು ಹೇಳುತ್ತವೆ ಮತ್ತು ಏನನ್ನು ಮುಚ್ಚಿಡುತ್ತವೆ ಎಂಬುದನ್ನು ತಿಳಿದರೆ ಆ ಊರಿನ ಮತ್ತು ಆ ಮಗನ ನಡುವಿನ ಸಂಬಂಧ ನಮಗೆ ಅರ್ಥವಾಗುತ್ತದೆ.

ಊರಿನ ನಿಜನಾಮ

ಮಿಸಿಸಿಪ್ಪಿ ನದಿ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು, ಲೂಯಿಸಿಯಾನಾ ರಾಜ್ಯದಲ್ಲಿ, ನ್ಯೂ ಆರ್ಲಿಯನ್ಸ್ ಇದೆ. 1718ರಲ್ಲಿ ಫ್ರೆಂಚರು ಇದನ್ನು ಸ್ಥಾಪಿಸಿದರು. ಆಗ ಬಾಲಕನಾಗಿದ್ದ ಫ್ರಾನ್ಸ್‌ನ ದೊರೆಯ ಪರವಾಗಿ ಆಳುತ್ತಿದ್ದ ಆರ್ಲಿಯನ್ಸ್‌ನ ಡ್ಯೂಕ್ ಫಿಲಿಪ್ ಅವರ ಗೌರವಾರ್ಥವಾಗಿ 'ಹೊಸ ಆರ್ಲಿಯನ್ಸ್' ಎಂಬ ಹೆಸರಿಟ್ಟರು. ಅನಂತರ ಸುಮಾರು ನಾಲ್ಕು ದಶಕಗಳ ಕಾಲ ಊರು ಸ್ಪೇನಿನ ಕೈಯಲ್ಲಿತ್ತು. 1803ರಲ್ಲಿ ಅಮೆರಿಕ ಅದನ್ನು ಫ್ರಾನ್ಸ್‌ನಿಂದ ಖರೀದಿಸಿತು.

ಫ್ರೆಂಚರೂ ಸ್ಪ್ಯಾನಿಷರೂ ಆಳಿದ ಊರಾದ್ದರಿಂದ ಅಲ್ಲಿ ಕಥೋಲಿಕ ಸಂಪ್ರದಾಯ ಆಳವಾಗಿ ಬೇರೂರಿತು. 1793ರಲ್ಲಿ ಅಲ್ಲಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು; 1850ರಲ್ಲಿ ಅದು ಮಹಾಧರ್ಮಪ್ರಾಂತ್ಯವಾಯಿತು. ಒಂದು ಕುತೂಹಲದ ಸಂಗತಿ ಎಂದರೆ, ಅಮೆರಿಕದ ಇತರ ಬಹುತೇಕ ರಾಜ್ಯಗಳಲ್ಲಿ ಜಿಲ್ಲೆಗೆ 'ಕೌಂಟಿ' ಎನ್ನುತ್ತಾರೆ. ಲೂಯಿಸಿಯಾನಾದಲ್ಲಿ ಮಾತ್ರ ಇಂದಿಗೂ 'ಪ್ಯಾರಿಷ್', ಅಂದರೆ ಧರ್ಮಕೇಂದ್ರ, ಎನ್ನುತ್ತಾರೆ. ಇಗರ್ಜಿಗಳ ಗಡಿಗಳನ್ನು ಅನುಸರಿಸಿ ಆಡಳಿತದ ಗಡಿಗಳನ್ನು ಗುರುತಿಸಿದ್ದರ ನೆನಪು ಅದು.

ತಪಸ್ಸುಕಾಲ ಆರಂಭವಾಗುವ ಬೂದಿ ಬುಧವಾರದ ಹಿಂದಿನ ದಿನ ಅಲ್ಲಿ ದೊಡ್ಡ ಕಾರ್ನಿವಲ್ ನಡೆಯುತ್ತದೆ. ಫ್ರೆಂಚ್ ಭಾಷೆಯಲ್ಲಿ ಅದಕ್ಕೆ 'ಮಾರ್ಡಿ ಗ್ರಾ', ಅಂದರೆ 'ಕೊಬ್ಬಿನ ಮಂಗಳವಾರ', ಎಂದು ಹೆಸರು. ಉಪವಾಸ ಹಿಡಿಯುವ ಮೊದಲು ಮನೆಯಲ್ಲಿರುವ ಮಾಂಸ, ಕೊಬ್ಬು ಎಲ್ಲವನ್ನೂ ತಿಂದು ಮುಗಿಸುವ ದಿನ. ಮೆರವಣಿಗೆ, ಬ್ಯಾಂಡು, ವೇಷ, ಕುಣಿತ ಇಲ್ಲದ ಮಾರ್ಡಿ ಗ್ರಾ ಇಲ್ಲ. ಈ ಮಂಗಳವಾರ ಆರ್ಮ್‌ಸ್ಟ್ರಾಂಗ್ ಅವರ ಜೀವನದಲ್ಲಿಯೂ ಒಂದು ಮುಖ್ಯ ದಿನವಾಯಿತು. ಅದನ್ನು ಮುಂದೆ ನೋಡೋಣ.

ಬಾಗಿದ ನದಿ, ಚಿಂತೆ ಮರೆತ ಊರು

ನ್ಯೂ ಆರ್ಲಿಯನ್ಸ್‌ನ ಹಳೆಯ ಅಡ್ಡಹೆಸರು 'ಕ್ರೆಸೆಂಟ್ ಸಿಟಿ', ಅಂದರೆ ಅರ್ಧಚಂದ್ರ ನಗರ. ಜೋಸೆಫ್ ಹೋಲ್ಟ್ ಇಂಗ್ರಹಾಮ್ ಎಂಬ ಲೇಖಕರು 1835ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಈ ಹೆಸರನ್ನು ಬಳಸಿದರು. ಇದರಲ್ಲಿ ಕವಿಕಲ್ಪನೆ ಏನೂ ಇಲ್ಲ. ಹಳೆಯ ಪಟ್ಟಣದ ಬಳಿ ಮಿಸಿಸಿಪ್ಪಿ ನದಿ ಅರ್ಧಚಂದ್ರದಂತೆ ಬಾಗುತ್ತದೆ. ಮನೆಗಳೂ ಬೀದಿಗಳೂ ಆ ಬಾಗನ್ನೇ ಅನುಸರಿಸಿ ಬೆಳೆದವು. ಇದರಿಂದಾಗಿ ಆ ಊರಿನವರಿಗೆ ದಿಕ್ಕು ಹೇಳಲು ಪೂರ್ವ, ಪಶ್ಚಿಮ ಎಂಬ ಮಾತುಗಳು ಪ್ರಯೋಜನಕ್ಕೆ ಬರುವುದಿಲ್ಲ. ನದಿಯ ಮೇಲುಭಾಗಕ್ಕೆ, ಕೆಳಭಾಗಕ್ಕೆ, ನದಿಯ ಕಡೆಗೆ, ಸರೋವರದ ಕಡೆಗೆ ಎಂದೇ ಅವರು ದಾರಿ ಹೇಳುತ್ತಾರೆ. 'ಪಶ್ಚಿಮ ದಂಡೆ' ಎಂದು ಕರೆಯುವ ಪ್ರದೇಶದ ಕಡೆಯಿಂದಲೇ ಸೂರ್ಯ ಮೇಲೇರುವುದನ್ನು ಹಳೆಯ ಪಟ್ಟಣದಿಂದ ನೋಡಬಹುದು. ಹೆಸರು ಒಂದು, ವಾಸ್ತವ ಇನ್ನೊಂದು ಎಂಬುದಕ್ಕೆ ಆ ಊರಿನಲ್ಲಿ ಇದು ಸಣ್ಣ ಉದಾಹರಣೆ ಅಷ್ಟೇ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇನ್ನೊಂದು ಹೆಸರು ಚಾಲ್ತಿಗೆ ಬಂತು: 'ಚಿಂತೆ ಮರೆತ ಊರು'. ಪ್ರವಾಸಿಗರನ್ನು ಸೆಳೆಯಲು ಅಲ್ಲಿನ ಸೇಂಟ್ ಚಾರ್ಲ್ಸ್ ಹೋಟೆಲು ತನ್ನ ಜಾಹೀರಾತಿನಲ್ಲಿ ಈ ಮಾತನ್ನು ಬಳಸಿತು. ಒಳ್ಳೆಯ ಊಟ, ಸಂಗೀತ, ಬಿಡುವಿನ ಬದುಕು. ಇಲ್ಲಿಗೆ ಬಂದವರಿಗೆ ಯಾವ ಚಿಂತೆಯೂ ಇಲ್ಲ ಎಂಬ ಅರ್ಥ. ಹೊರಗಿನಿಂದ ಬರುವ ಹಣವಂತ ಅತಿಥಿಗೆ ಊರು ಹಾಗೆಯೇ ಕಂಡಿರಬಹುದು. ಆದರೆ ಅದೇ ವರ್ಷಗಳಲ್ಲಿ ಅದೇ ಊರಿನ ಇನ್ನೊಂದು ಭಾಗದಲ್ಲಿ ಬಾಲಕ ಲೂಯಿ ಕಲ್ಲಿದ್ದಲು ಮಾರುತ್ತಿದ್ದ.

'ರಣರಂಗ'ದ ಬಾಲಕ

ಲೂಯಿ ಹುಟ್ಟಿದ್ದು ಜೇನ್ ಆಲಿ ಎಂಬ ಓಣಿಯಲ್ಲಿ. ಸುತ್ತಮುತ್ತಲಿನ ಜನ ಆ ಪ್ರದೇಶಕ್ಕೆ ಕೊಟ್ಟ ಅಡ್ಡಹೆಸರು 'ಬ್ಯಾಟಲ್‌ಫೀಲ್ಡ್', ಅಂದರೆ ರಣರಂಗ. ಹೊಡೆದಾಟ, ಚೂರಿ ಇರಿತ, ಗುಂಡಿನ ಸದ್ದು ಅಲ್ಲಿ ಸಾಮಾನ್ಯವಾಗಿದ್ದವು. ಈ ಹೆಸರನ್ನು ಯಾವ ಹೋಟೆಲೂ ಜಾಹೀರಾತಿನಲ್ಲಿ ಹಾಕಲಿಲ್ಲ. ತಂದೆ ವಿಲಿಯಂ ಮಗು ಹುಟ್ಟಿದ ಸ್ವಲ್ಪ ಸಮಯದಲ್ಲೇ ಮನೆ ಬಿಟ್ಟು ಹೋದರು. ತಾಯಿ ಮೇರಿ ಆನ್ ಇನ್ನೂ ಹದಿಹರೆಯದವರು. ಮಗುವನ್ನು ಮೊದಲ ಕೆಲವು ವರ್ಷ ಸಾಕಿದವರು ಅಜ್ಜಿ ಜೋಸೆಫಿನ್. ಅನಂತರ ತಾಯಿಯ ಜೊತೆಗೆ ಬಾಲಕ ವಾಸಿಸಿದ್ದು ಲಿಬರ್ಟಿ ಮತ್ತು ಪರ್ಡಿಡೊ ಎಂಬ ಎರಡು ಬೀದಿಗಳು ಸೇರುವಲ್ಲಿ. ಮೊದಲ ಹೆಸರಿಗೆ ಇಂಗ್ಲಿಷಿನಲ್ಲಿ 'ಸ್ವಾತಂತ್ರ್ಯ' ಎಂದು ಅರ್ಥ. ಎರಡನೆಯದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ 'ಕಳೆದುಹೋದದ್ದು' ಎಂದು.

ತಾಯಿ ಬ್ಯಾಪ್ಟಿಸ್ಟ್ ಪಂಗಡದ ದೇವಾಲಯಕ್ಕೆ ಹೋಗುತ್ತಿದ್ದರು. ಆದ್ದರಿಂದ ಕಥೋಲಿಕ ಇಗರ್ಜಿಯಲ್ಲಿ ಜ್ಞಾನಸ್ನಾನ ಪಡೆದ ಬಾಲಕ ಹಾಡಲು ಕಲಿತದ್ದು ಅಲ್ಲಿನ ಪ್ರಾರ್ಥನಾ ಕೂಟಗಳಲ್ಲಿ. ಹೊಟ್ಟೆಪಾಡಿಗೆ ಕರ್ನೋಫ್ಸ್ಕಿ ಎಂಬ ಯೆಹೂದಿ ಕುಟುಂಬದ ಗಾಡಿಯಲ್ಲಿ ಗುಜರಿ ಸಾಮಾನು ಸಂಗ್ರಹಿಸುವ, ಕಲ್ಲಿದ್ದಲು ಹಂಚುವ ಕೆಲಸ. ಗಾಡಿ ಬಂತೆಂದು ಜನರಿಗೆ ತಿಳಿಸಲು ತಗಡಿನ ತುತ್ತೂರಿ ಊದುತ್ತಿದ್ದ. ಗಿರವಿ ಅಂಗಡಿಯಲ್ಲಿದ್ದ ಹಳೆಯ ಕಾರ್ನೆಟ್ ವಾದ್ಯವೊಂದನ್ನು ಐದು ಡಾಲರಿಗೆ ಕೊಳ್ಳಲು ಆ ಕುಟುಂಬ ಮುಂಗಡ ಹಣ ಕೊಟ್ಟು ನೆರವಾಯಿತು ಎಂದು ಆರ್ಮ್‌ಸ್ಟ್ರಾಂಗ್ ಮುಂದೆ ಬರೆದಿದ್ದಾರೆ. ಆ ಕುಟುಂಬದ ಉಪಕಾರವನ್ನು ಅವರು ಮರೆಯಲಿಲ್ಲ. ಯೆಹೂದಿಗಳ ದಾವೀದನ ನಕ್ಷತ್ರವನ್ನು ಕೊರಳಲ್ಲಿ ಧರಿಸುತ್ತಿದ್ದರು.

1912ರ ಕೊನೆಯ ರಾತ್ರಿ ಹೊಸ ವರ್ಷದ ಸಡಗರದಲ್ಲಿ ಬಾಲಕ ಬೀದಿಯಲ್ಲಿ ಪಿಸ್ತೂಲು ಹಾರಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದ. ನ್ಯಾಯಾಲಯ ಅವನನ್ನು ಕಪ್ಪು ಜನಾಂಗದ ಬಾಲಕರ ಸುಧಾರಣಾ ಗೃಹಕ್ಕೆ ಕಳುಹಿಸಿತು. ಆಗ ಅವನಿಗೆ 11 ವರ್ಷ. ಅಲ್ಲಿನ ಶಿಕ್ಷಕ ಪೀಟರ್ ಡೇವಿಸ್ ಅವನಿಗೆ ಬ್ಯೂಗಲ್, ಬಳಿಕ ಕಾರ್ನೆಟ್ ಕಲಿಸಿ, ಗೃಹದ ಬ್ಯಾಂಡಿನ ನಾಯಕನನ್ನಾಗಿ ಮಾಡಿದರು. ಶಿಸ್ತು ಮತ್ತು ಸಂಗೀತ ಎರಡೂ ಅಲ್ಲಿ ದೊರೆತವು. ಸುಮಾರು ಒಂದೂವರೆ ವರ್ಷದ ಬಳಿಕ ಹೊರಬಂದಾಗ ಅವನಿಗೆ ತನ್ನ ದಾರಿ ತಿಳಿದಿತ್ತು.

'ಸೌಟು ಬಾಯಿ'ಯಿಂದ 'ಸ್ಯಾಚ್ಮೊ'ವರೆಗೆ

ನ್ಯೂ ಆರ್ಲಿಯನ್ಸ್‌ನ ಬೀದಿಗಳಲ್ಲಿ ಸಂಗೀತಗಾರನಿಗೆ ಅಡ್ಡಹೆಸರು ಇಲ್ಲದಿದ್ದರೆ ಅವನು ಸಂಗೀತಗಾರನೇ ಅಲ್ಲ ಎಂಬಂತಿತ್ತು. ಬಡ್ಡಿ ಬೋಲ್ಡನ್ ಅವರಿಗೆ 'ಕಿಂಗ್', ಅಂದರೆ ರಾಜ, ಎಂಬ ಬಿರುದು. ಅವರ ಬಳಿಕ ಜೋ ಆಲಿವರ್ ಅವರೂ 'ಕಿಂಗ್' ಎನಿಸಿಕೊಂಡರು. ಎಡ್ವರ್ಡ್ ಓರಿ ಅವರು 'ಕಿಡ್', ಅಂದರೆ ಹುಡುಗ. ಸರ್ಕಾರ ಹುದ್ದೆ ಕೊಡದ, ಪತ್ರಿಕೆಗಳು ಹೆಸರು ಬರೆಯದ ಜನರಿಗೆ ಬೀದಿಯೇ ಬಿರುದು ಕೊಡುತ್ತಿತ್ತು.

ಲೂಯಿಗೆ ಬಾಯಿ ದೊಡ್ಡದು, ನಗು ಇನ್ನೂ ದೊಡ್ಡದು. ಆದ್ದರಿಂದ ಗೆಳೆಯರು ಕೊಟ್ಟ ಹೆಸರುಗಳೆಲ್ಲ ಬಾಯಿಯ ಮೇಲೆಯೇ. 'ಡಿಪ್ಪರ್‌ಮೌತ್' ಎಂದರೆ ಸೌಟು ಬಾಯಿ. 'ಗೇಟ್‌ಮೌತ್' ಎಂದರೆ ಗೇಟಿನಂತೆ ತೆರೆಯುವ ಬಾಯಿ. 'ಸ್ಯಾಚೆಲ್‌ಮೌತ್' ಎಂದರೆ ಚೀಲದಂತಹ ಬಾಯಿ. 1922ರಲ್ಲಿ ಗುರು ಕಿಂಗ್ ಆಲಿವರ್ ಅವರ ಕರೆಯ ಮೇರೆಗೆ ಲೂಯಿ ರೈಲು ಹತ್ತಿ ಷಿಕಾಗೊ ನಗರಕ್ಕೆ ಹೋದರು. ಮರುವರ್ಷ ಆಲಿವರ್ ಅವರ ತಂಡ ಧ್ವನಿಮುದ್ರಿಸಿದ ಕೃತಿಯೊಂದರ ಹೆಸರೇ 'ಡಿಪ್ಪರ್‌ಮೌತ್ ಬ್ಲೂಸ್'. ಬೀದಿಯ ಕೀಟಲೆ ಹೀಗೆ ಗ್ರಾಮಫೋನ್ ತಟ್ಟೆಯ ಮೇಲೆ ಅಚ್ಚಾಯಿತು.

1932ರಲ್ಲಿ ಆರ್ಮ್‌ಸ್ಟ್ರಾಂಗ್ ಲಂಡನ್ ನಗರಕ್ಕೆ ಹೋದಾಗ 'ಮೆಲೊಡಿ ಮೇಕರ್' ಎಂಬ ಸಂಗೀತ ಪತ್ರಿಕೆಯ ಸಂಪಾದಕ ಪರ್ಸಿ ಬ್ರೂಕ್ಸ್ ಅವರನ್ನು 'ಸ್ಯಾಚ್ಮೊ' ಎಂದು ಕರೆದು ಸ್ವಾಗತಿಸಿದರು. 'ಸ್ಯಾಚೆಲ್‌ಮೌತ್' ಎಂಬುದರ ಮೊಟಕು ರೂಪ ಅದು. ಆರ್ಮ್‌ಸ್ಟ್ರಾಂಗ್ ಅವರಿಗೆ ಅದು ಹಿಡಿಸಿತು. ವಾದ್ಯದ ಮೇಲೂ ಕಾಗದಪತ್ರಗಳ ಮೇಲೂ ಬಳಸಿದರು. 1954ರಲ್ಲಿ ಪ್ರಕಟವಾದ ಆತ್ಮಕಥೆಗೂ ಅದನ್ನೇ ಶೀರ್ಷಿಕೆಯಾಗಿ ಇಟ್ಟರು. ಸಂಗೀತಗಾರರ ವಲಯದಲ್ಲಿ ಮಾತ್ರ ಅವರು 'ಪಾಪ್ಸ್', ಅಂದರೆ ಅಪ್ಪ. ಎದುರಿಗೆ ಸಿಕ್ಕವರ ಹೆಸರು ನೆನಪಾಗದಿದ್ದಾಗ ಅವರು ಎಲ್ಲರನ್ನೂ 'ಪಾಪ್ಸ್' ಎನ್ನುತ್ತಿದ್ದರು. ಕೊನೆಗೆ ಎಲ್ಲರೂ ಅವರನ್ನೇ ಹಾಗೆ ಕರೆದರು. 

ಇನ್ನು ನಿಜನಾಮದ ಉಚ್ಚಾರ. ಜಗತ್ತು 'ಲೂಯಿ' ಎನ್ನುತ್ತದೆ. 1964ರಲ್ಲಿ ಬೀಟಲ್ಸ್ ತಂಡವನ್ನು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಿಂದ ಕೆಳಗಿಳಿಸಿದ 'ಹೆಲೊ, ಡಾಲಿ' ಹಾಡಿನಲ್ಲಿ ಅವರು ತಮ್ಮ ಹೆಸರನ್ನು 'ಲೂಯಿಸ್' ಎಂದೇ ಉಚ್ಚರಿಸಿರುವುದನ್ನು ಇಂದಿಗೂ ಕೇಳಬಹುದು.

ತವರಿನ ಬಾಗಿಲು

ಅಡ್ಡಹೆಸರು ಪ್ರೀತಿಯ ಗುರುತು ನಿಜ. ಆದರೆ ಪ್ರೀತಿಸಿದ ಊರು ನ್ಯಾಯವನ್ನೂ ಕೊಟ್ಟಿತೇ ಎಂಬ ಪ್ರಶ್ನೆ ಬೇರೆ.

1931ರ ಬೇಸಿಗೆಯಲ್ಲಿ, ಒಂಬತ್ತು ವರ್ಷಗಳ ಬಳಿಕ, ಆರ್ಮ್‌ಸ್ಟ್ರಾಂಗ್ ಪ್ರಸಿದ್ಧರಾಗಿ ತವರಿಗೆ ಮರಳಿದರು. ರೈಲು ನಿಲ್ದಾಣದಲ್ಲಿ ಬ್ಯಾಂಡು, ಜನಸಾಗರ. ಆದರೆ ಅವರು ನುಡಿಸಬೇಕಾಗಿದ್ದ 'ಸಬರ್ಬನ್ ಗಾರ್ಡನ್ಸ್' ಎಂಬ ಸಭಾಂಗಣದೊಳಗೆ ಬಿಳಿಯರಿಗೆ ಮಾತ್ರ ಪ್ರವೇಶ. ಕಾರ್ಯಕ್ರಮ ರೇಡಿಯೊದಲ್ಲಿ ಪ್ರಸಾರವಾಗುತ್ತಿತ್ತು. ಕಪ್ಪು ಮನುಷ್ಯನ ಹೆಸರನ್ನು ತಾನು ಹೇಳುವುದಿಲ್ಲ ಎಂದು ನಿರೂಪಕ ಹಟ ಹಿಡಿದಾಗ ಆರ್ಮ್‌ಸ್ಟ್ರಾಂಗ್ ತಾವೇ ಮೈಕಿನ ಮುಂದೆ ಬಂದು ತಮ್ಮನ್ನು ಪರಿಚಯಿಸಿಕೊಂಡರು. ಈ ಘಟನೆಯನ್ನು ಅವರು ಮುಂದೆ ಅನೇಕ ಸಲ ಹೇಳಿಕೊಂಡಿದ್ದಾರೆ. ಹೊರಗೆ ನದಿಯ ಏರಿಯ ಮೇಲೆ ಕಪ್ಪು ಜನಾಂಗದ ಜನರು ಗುಂಪುಗೂಡಿ, ಕಿಟಕಿಗಳಿಂದ ತೇಲಿಬರುತ್ತಿದ್ದ ಟ್ರಂಪೆಟ್ ನಾದವನ್ನು ಆಲಿಸುತ್ತಿದ್ದರು. ಊರಿನ ಮಗ ಒಳಗೆ, ಅವನ ಮನೆಯವರು ಹೊರಗೆ.

ಆ ಭೇಟಿಯಲ್ಲಿ ಅವರು ತಾನು ಕಲಿತ ಸುಧಾರಣಾ ಗೃಹಕ್ಕೆ ಹೋಗಿ ಬಂದರು. ಊರಿನ ಕಪ್ಪು ಯುವಕರ ಬೇಸ್‌ಬಾಲ್ ತಂಡವೊಂದಕ್ಕೆ ಸಮವಸ್ತ್ರ ಕೊಡಿಸಿದರು. ಕೊನೆಗೆ ತನ್ನ ಜನರಿಗಾಗಿ ಏರ್ಪಡಿಸಿದ್ದ ಕಾರ್ಯಕ್ರಮವೊಂದು ರದ್ದಾಯಿತು. ಭಾರವಾದ ಮನಸ್ಸಿನಿಂದ ಊರು ಬಿಟ್ಟರು.

1949ರ ಮಾರ್ಚ್ 1 ಮಾರ್ಡಿ ಗ್ರಾ ಮಂಗಳವಾರ. ಬಿಳಿಯರ ಮೆರವಣಿಗೆಗಳಲ್ಲಿ ಸ್ಥಾನವಿಲ್ಲದ ಕಪ್ಪು ಜನರು ತಾವೇ ಕಟ್ಟಿಕೊಂಡಿದ್ದ 'ಝುಲು' ಎಂಬ ಸಂಘ ಆ ವರ್ಷ ಆರ್ಮ್‌ಸ್ಟ್ರಾಂಗ್ ಅವರನ್ನು ತನ್ನ ಕಾರ್ನಿವಲ್ ರಾಜನನ್ನಾಗಿ ಆರಿಸಿತು. ಬಿಳಿಯರ ಮೆರವಣಿಗೆಯ ರಾಜಗಾಂಭೀರ್ಯವನ್ನು ಗೇಲಿ ಮಾಡಲೆಂದೇ ಹುಟ್ಟಿದ ಸಂಘವದು. ಅದರ ರಾಜ ಹುಲ್ಲಿನ ಲಂಗ ತೊಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡು ರಥದ ಮೇಲೆ ಸಾಗುತ್ತಾನೆ. ಬಾಲ್ಯದಲ್ಲಿ ಬೀದಿಯ ಬದಿಯಲ್ಲಿ ನಿಂತು ಆ ಮೆರವಣಿಗೆ ನೋಡಿದ್ದ ಲೂಯಿಗೆ ಇದು ಜೀವಮಾನದ ಕನಸು. ಅದಕ್ಕೆ ಕೆಲವೇ ದಿನಗಳ ಮೊದಲು 'ಟೈಮ್' ವಾರಪತ್ರಿಕೆ ಅವರ ಚಿತ್ರವನ್ನು ಮುಖಪುಟದಲ್ಲಿ ಪ್ರಕಟಿಸಿತ್ತು. ಆದರೆ ಮುಖಕ್ಕೆ ಬಣ್ಣ ಬಳಿದ ಅವರ ಚಿತ್ರ ಕಂಡು, ಇದು ನಮ್ಮ ಜನಾಂಗಕ್ಕೆ ಅವಮಾನ ಎಂದು ಸಿಟ್ಟಾದವರೂ ಇದ್ದರು. ಊರಿನ ಒಳಗಿನವರಿಗೆ ಗೌರವವಾಗಿ ಕಂಡದ್ದು ಹೊರಗಿನವರಿಗೆ ಅಣಕವಾಗಿ ಕಂಡಿತು.

1956ರಲ್ಲಿ ಲೂಯಿಸಿಯಾನಾ ರಾಜ್ಯ ಹೊಸ ಕಾನೂನು ತಂದಿತು. ಬಿಳಿಯರೂ ಕಪ್ಪು ಜನರೂ ಒಟ್ಟಿಗೆ ಆಟ, ಮನರಂಜನೆಗಳಲ್ಲಿ ಭಾಗವಹಿಸುವುದನ್ನು ಅದು ನಿಷೇಧಿಸಿತು. ಆರ್ಮ್‌ಸ್ಟ್ರಾಂಗ್ ಅವರ ತಂಡದಲ್ಲಿ ಎರಡೂ ಜನಾಂಗದವರಿದ್ದರು. ತಂಡವನ್ನು ಒಡೆದು ತವರಿನಲ್ಲಿ ನುಡಿಸುವುದಕ್ಕಿಂತ ನುಡಿಸದೇ ಇರುವುದನ್ನು ಅವರು ಆರಿಸಿಕೊಂಡರು. ಯಾವಾಗಲೂ ನಗುವ, ರಾಜಕೀಯ ಮಾತಾಡದ ಮನುಷ್ಯ ಎಂದು ಅವರನ್ನು ಹಲವರು ಟೀಕಿಸುತ್ತಿದ್ದ ಕಾಲ ಅದು. 1957ರಲ್ಲಿ ಲಿಟಲ್ ರಾಕ್ ನಗರದ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸಲು ಅಡ್ಡಿಪಡಿಸಿದಾಗ ಅವರು ರಾಷ್ಟ್ರಾಧ್ಯಕ್ಷರನ್ನೇ ಬಹಿರಂಗವಾಗಿ ಟೀಕಿಸಿ, ಸರ್ಕಾರದ ಪರವಾಗಿ ಸೋವಿಯತ್ ಒಕ್ಕೂಟಕ್ಕೆ ಹೋಗಬೇಕಾಗಿದ್ದ ಪ್ರವಾಸದಿಂದ ಹಿಂದೆ ಸರಿದರು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಜಾರಿಯಾಯಿತು. ಅದರ ಬಳಿಕ, 1965ರಲ್ಲಿ, ಅವರು ಮತ್ತೆ ತವರಿನ ವೇದಿಕೆ ಹತ್ತಿದರು.

ಆ ವರ್ಷಗಳಲ್ಲಿಯೂ ಅವರು ಊರನ್ನು ಬಿಟ್ಟುಕೊಡಲಿಲ್ಲ. ಗೆಳೆಯರಿಗೆ ಬರೆದ ಪತ್ರಗಳ ಕೊನೆಗೆ ಸಹಿಯ ಮೇಲೆ 'ಕೆಂಪು ಬೀನ್ಸ್ ಮತ್ತು ಅನ್ನದೊಂದಿಗೆ ನಿಮ್ಮವ' ಎಂಬ ಅರ್ಥ ಬರುವ ತಮಾಷೆಯ ಒಕ್ಕಣೆ ಇರುತ್ತಿತ್ತು. ಕೆಂಪು ಬೀನ್ಸ್ ಎಂದರೆ ನಾವು ರಾಜ್ಮಾ ಎನ್ನುವ ಕಾಳು. ನ್ಯೂ ಆರ್ಲಿಯನ್ಸ್‌ನಲ್ಲಿ ಸೋಮವಾರ ಬಟ್ಟೆ ಒಗೆಯುವ ದಿನ. ಒಲೆಯ ಮೇಲೆ ಕಾಳು ಬೇಯಲು ಇಟ್ಟು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಡವರ ಈ ಊಟವೇ ಊರಿನ ಗುರುತಾಯಿತು. ಊರಿನ ಕಾನೂನನ್ನು ಒಪ್ಪದವರು ಊರಿನ ಊಟದ ಹೆಸರಿನಲ್ಲಿ ಸಹಿ ಹಾಕುತ್ತಿದ್ದರು.

ಹೊಸ ಹೆಸರುಗಳು

ಆರ್ಮ್‌ಸ್ಟ್ರಾಂಗ್ 1971ರ ಜುಲೈ 6ರಂದು ನ್ಯೂಯಾರ್ಕ್ ನಗರದ ಕೊರೋನಾ ಎಂಬಲ್ಲಿನ ತಮ್ಮ ಮನೆಯಲ್ಲಿ ತೀರಿಕೊಂಡರು. ನ್ಯೂ ಆರ್ಲಿಯನ್ಸ್ ತನ್ನದೇ ಸಂಪ್ರದಾಯದಂತೆ ಬ್ಯಾಂಡುಗಳನ್ನು ಕರೆಸಿ ನಗರಸಭಾ ಭವನದ ಎದುರು ಅವರಿಗೆ ವಿದಾಯ ಹೇಳಿತು. ಆ ಭವನ ಇರುವುದು ಪರ್ಡಿಡೊ ಬೀದಿಯಲ್ಲಿ, ಬಾಲಕ ಲೂಯಿ ಬೆಳೆದ ಪ್ರದೇಶದಲ್ಲಿಯೇ. ಹಳೆಯ ಮನೆಗಳನ್ನು ಕೆಡವಿ 1950ರ ದಶಕದಲ್ಲಿ ಅದನ್ನು ಕಟ್ಟಲಾಗಿತ್ತು. ಅವರು ಹುಟ್ಟಿದ ಮನೆಯನ್ನೂ 1964ರಲ್ಲಿ ನೆಲಸಮ ಮಾಡಲಾಯಿತು. ಊರಿನ ಅತಿ ಪ್ರಸಿದ್ಧ ಮಗ ಹುಟ್ಟಿದ ಗೋಡೆಗಳು ಇಂದು ಇಲ್ಲ.

ಅವರ ಸಾವಿನ ಆಸುಪಾಸಿನಲ್ಲಿ ಊರಿಗೆ ಮತ್ತೊಂದು ಅಡ್ಡಹೆಸರು ಬಂತು: 'ಬಿಗ್ ಈಜಿ'. ಎಲ್ಲವೂ ಆರಾಮವಾಗಿ ಸಾಗುವ ದೊಡ್ಡ ಊರು ಎಂಬ ಅರ್ಥ. ನ್ಯೂಯಾರ್ಕಿಗೆ ಇದ್ದ 'ಬಿಗ್ ಆಪಲ್' ಎಂಬ ಹೆಸರಿಗೆ ಎದುರಾಗಿ, 1970ರ ದಶಕದಲ್ಲಿ ಸ್ಥಳೀಯ ಪತ್ರಿಕೆಯ ಅಂಕಣಗಾರ್ತಿ ಬೆಟ್ಟಿ ಗಿಯೋ ಇದನ್ನು ಜನಪ್ರಿಯಗೊಳಿಸಿದರು. 1986ರಲ್ಲಿ ಇದೇ ಹೆಸರಿನ ಚಲನಚಿತ್ರವೂ ಬಂತು. ಇನ್ನು 'ನೋಲಾ' ಎಂಬುದು ನ್ಯೂ ಆರ್ಲಿಯನ್ಸ್ ಮತ್ತು ಲೂಯಿಸಿಯಾನಾ ಎರಡರ ಮೊದಲಕ್ಷರಗಳನ್ನು ಸೇರಿಸಿದ ಮೊಟಕು ಹೆಸರು.

ಆರ್ಮ್‌ಸ್ಟ್ರಾಂಗ್ ಅವರ ಹೆಸರೂ ಊರಿಗೆ ಸೇರಿತು. 1980ರಲ್ಲಿ ಟ್ರೆಮೆ ಎಂಬ ಹಳೆಯ ಬಡಾವಣೆಯಲ್ಲಿ ಅವರ ಹೆಸರಿನ ಉದ್ಯಾನ ತೆರೆಯಿತು. 2001ರಲ್ಲಿ, ಅವರ ನಿಜವಾದ ಜನ್ಮಶತಾಬ್ದಿಯ ವರ್ಷ, ವಿಮಾನ ನಿಲ್ದಾಣಕ್ಕೆ ಅವರ ಹೆಸರಿಟ್ಟರು. ಇಂದು ಊರಿಗೆ ವಿಮಾನದಲ್ಲಿ ಬರುವ ಪ್ರತಿಯೊಬ್ಬರೂ ಮೊದಲು ಓದುವುದು ಅವರ ಹೆಸರನ್ನೇ. ಆದರೆ ವಿಮಾನದ ಟಿಕೆಟಿನಲ್ಲಿ ಕಾಣುವ ಮೂರಕ್ಷರದ ಸಂಕೇತ ಮಾತ್ರ 'ಎಂಎಸ್‌ವೈ'. ಆ ಜಾಗದಲ್ಲಿ ಹಿಂದೆ ಇದ್ದ 'ಮೊಯ್ಸಾಂಟ್ ಸ್ಟಾಕ್ ಯಾರ್ಡ್ಸ್' ಎಂಬ ಜಾನುವಾರು ದೊಡ್ಡಿಯ ನೆನಪು ಅದು.

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಪ್ಪಳಿಸಿತು. ನೀರು ತಡೆಯುವ ಏರಿಗಳು ಒಡೆದು ನಗರದ ಸುಮಾರು 80 ಶೇಕಡಾ ಭಾಗ ಮುಳುಗಿತು. ಆರ್ಮ್‌ಸ್ಟ್ರಾಂಗ್ ಹೆಸರಿನ ವಿಮಾನ ನಿಲ್ದಾಣ ಕೆಲವು ದಿನ ಆಸ್ಪತ್ರೆಯಾಯಿತು. ನೆರವು ತಡವಾದಾಗ ಹಳೆಯ ಅಡ್ಡಹೆಸರಿಗೆ ಹೊಸ ಅರ್ಥ ಹುಟ್ಟಿತು. ಇಂಗ್ಲಿಷಿನಲ್ಲಿ ಚಿಂತೆಗೂ ಕಾಳಜಿಗೂ ಒಂದೇ ಪದ. 'ಚಿಂತೆ ಮರೆತ ಊರು' ಎಂದು ಹೋಟೆಲು ಬಳಸಿದ ಮಾತನ್ನು ಜನರು 'ಕಾಳಜಿಯೇ ಮರೆತ ಊರು' ಎಂದು ಓದಿದರು. ಅದೇ ಊರಿನ ಗಾಯಕ ಡಾಕ್ಟರ್ ಜಾನ್ 2008ರಲ್ಲಿ ತಮ್ಮ ಸಿಟ್ಟಿನ ಹಾಡುಗಳ ಸಂಗ್ರಹಕ್ಕೆ ಇದೇ ಹೆಸರಿಟ್ಟರು.

ಕೊಂಕಣಿ ಕರಾವಳಿಗೂ ಬಂದ ಹೆಸರು

ಆರ್ಮ್‌ಸ್ಟ್ರಾಂಗ್ ಎಂಬ ಹೆಸರೇ ಒಂದು ಬಿರುದಾಗಿ ಅರಬ್ಬಿ ಸಮುದ್ರದ ದಡಕ್ಕೂ ಬಂತು. ಗೋವಾದ ಅಲ್ಡೋನಾ ಗ್ರಾಮದಲ್ಲಿ 1916ರಲ್ಲಿ ಹುಟ್ಟಿದ ಅಂತೋನಿಯೊ ಶಾವಿಯರ್ ವಾಜ್ ಎಂಬ ಕ್ರೈಸ್ತ ಯುವಕ ಮುಂಬಯಿಗೆ ಹೋಗಿ ಟ್ರಂಪೆಟ್ ವಾದಕರಾದರು. ಅವರು ಪ್ರಸಿದ್ಧರಾದದ್ದು 'ಚಿಕ್ ಚಾಕೊಲೇಟ್' ಎಂಬ ಅಡ್ಡಹೆಸರಿನಿಂದ. ಮುಂಬಯಿಯ ತಾಜ್ ಹೋಟೆಲಿನಲ್ಲಿ ಅವರ ತಂಡ ನುಡಿಸುತ್ತಿತ್ತು. ಅವರನ್ನು ಜನ 'ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್' ಎಂದು ಕರೆದರು. 1951ರ 'ಅಲ್ಬೇಲಾ' ಹಿಂದಿ ಚಿತ್ರದ ಹಾಡುಗಳಲ್ಲಿ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಜೊತೆ ಕೆಲಸ ಮಾಡಿದವರು ಇವರೇ. ನಮ್ಮ ಹಿರಿಯರು ರೇಡಿಯೊದಲ್ಲಿ ಆ ಹಾಡುಗಳನ್ನು ಕೇಳಿ ತಲೆದೂಗಿದಾಗ, ನ್ಯೂ ಆರ್ಲಿಯನ್ಸ್‌ನ ಬೀದಿಯ ಒಂದಿಷ್ಟು ಗಾಳಿ ಅವರಿಗೆ ತಿಳಿಯದೆಯೇ ಇಲ್ಲಿಗೂ ಬೀಸಿತ್ತು.

ಪುಸ್ತಕದ ಸಾಲು, ಬೀದಿಯ ಹೆಸರು

2025ರ ಮೇ ತಿಂಗಳಲ್ಲಿ ಪೋಪ್ ಹದಿನಾಲ್ಕನೇ ಲಿಯೊ ಆಯ್ಕೆಯಾದ ಕೂಡಲೇ ನ್ಯೂ ಆರ್ಲಿಯನ್ಸ್ ಮತ್ತೆ ಸುದ್ದಿಯಾಯಿತು. ಅವರ ತಾಯಿಯ ತಂದೆತಾಯಿ ಆ ಊರಿನ 'ಸೆವೆನ್ತ್ ವಾರ್ಡ್' ಎಂಬ ಬಡಾವಣೆಯಲ್ಲಿದ್ದ ಮಿಶ್ರ ವರ್ಣದ ಕ್ರಿಯೋಲ್ ಸಮುದಾಯದವರು. ಬಳಿಕ ಷಿಕಾಗೊಗೆ ವಲಸೆ ಹೋದವರು. ಆರ್ಮ್‌ಸ್ಟ್ರಾಂಗ್ ಹತ್ತಿದ ದಾರಿಯೂ ಅದೇ. ಈ ಸಂಗತಿ ಬೆಳಕಿಗೆ ಬಂದದ್ದು ಕೂಡ ಜನಗಣತಿಯ ಕಾಗದ ಮತ್ತು ಇಗರ್ಜಿಯ ಹಳೆಯ ದಾಖಲೆಗಳಿಂದಲೇ.

ಅಂತಹ ದಾಖಲೆಗಳು ಸತ್ಯವನ್ನು ಉಳಿಸುತ್ತವೆ. ಜೊತೆಗೆ ಬರೆದ ಕಾಲದ ಪಕ್ಷಪಾತವನ್ನೂ ಉಳಿಸುತ್ತವೆ. ಪವಿತ್ರ ಹೃದಯದ ಇಗರ್ಜಿಯ ಪುಸ್ತಕ ಲೂಯಿಯ ಸರಿಯಾದ ಜನ್ಮದಿನವನ್ನು 80 ವರ್ಷಗಳಿಗೂ ಹೆಚ್ಚು ಕಾಲ ಜೋಪಾನವಾಗಿ ಇಟ್ಟುಕೊಂಡಿತ್ತು. ಅದೇ ಸಾಲಿನಲ್ಲಿ ಮೂರು ವಾರದ ಕೂಸಿನ ಬಣ್ಣವನ್ನೂ ಹುಟ್ಟನ್ನೂ ಎರಡು ಕಠಿಣ ಪದಗಳಲ್ಲಿ ಗುರುತು ಹಾಕಿತ್ತು. ಬೀದಿಯ ಗೆಳೆಯರಿಗೆ ದಿನಾಂಕ ಗೊತ್ತಿರಲಿಲ್ಲ. ಆದರೆ ಅವರು ಅವನ ಬಾಯಿಯನ್ನು ನೋಡಿದರು, ನಗುವನ್ನು ನೋಡಿದರು, ಅದಕ್ಕೊಂದು ಹೆಸರಿಟ್ಟರು. ಎರಡನ್ನೂ ಜೊತೆಗಿಟ್ಟು ಓದಿದಾಗ ಮಾತ್ರ ಮನುಷ್ಯ ಪೂರ್ತಿಯಾಗಿ ಕಾಣುತ್ತಾನೆ.

ಟ್ರೆಮೆಯಲ್ಲಿ ಸಂತ ಅಗಸ್ಟಿನ್ ಅವರ ಹೆಸರಿನ ಕಥೋಲಿಕ ಇಗರ್ಜಿ ಇದೆ. 1840ರ ದಶಕದ ಆರಂಭದಲ್ಲಿ ಅದನ್ನು ಕಟ್ಟಿದಾಗ, ಗುಲಾಮಗಿರಿಯಿಂದ ಮುಕ್ತರಾಗಿದ್ದ ಕಪ್ಪು ಜನರು ತಮಗಾಗಿ ಬೆಂಚುಗಳನ್ನು ಹಣ ಕೊಟ್ಟು ಪಡೆದದ್ದಲ್ಲದೆ, ಗುಲಾಮರು ಕುಳಿತುಕೊಳ್ಳಲೆಂದೂ ಬೆಂಚುಗಳನ್ನು ಖರೀದಿಸಿ ಬಿಟ್ಟುಕೊಟ್ಟರು. 2001ರಿಂದ ನ್ಯೂ ಆರ್ಲಿಯನ್ಸ್‌ನಲ್ಲಿ ಆಗಸ್ಟ್ ತಿಂಗಳ ಆರಂಭದಲ್ಲಿ ಆರ್ಮ್‌ಸ್ಟ್ರಾಂಗ್ ಅವರ ನೆನಪಿನ ಸಂಗೀತೋತ್ಸವ ನಡೆದುಕೊಂಡು ಬಂದಿದೆ. ಅದರ ಅಂಗವಾಗಿ ಈ ಇಗರ್ಜಿಯಲ್ಲಿ ಜಾಝ್ ಸಂಗೀತದೊಂದಿಗೆ ಬಲಿಪೂಜೆ ಅರ್ಪಿಸಿ, ಬಳಿಕ ಬ್ಯಾಂಡಿನ ಹಿಂದೆ ಜನರು ಕುಣಿಯುತ್ತಾ ಮೆರವಣಿಗೆಯಲ್ಲಿ ಸಾಗುವುದು ರೂಢಿಯಾಗಿದೆ. ಉತ್ಸವದ ಹೆಸರು 'ಸ್ಯಾಚ್ಮೊ'. ಅದನ್ನು ಕೊಟ್ಟದ್ದು ಬೀದಿ. ಉತ್ಸವ ನಡೆಯುವ ದಿನಗಳನ್ನು ಕೊಟ್ಟದ್ದು ಜ್ಞಾನಸ್ನಾನದ ಆ ಹಳೆಯ ಪುಸ್ತಕ.